ತತ್ವಶಾಸ್ತ್ರದ ಎಂ.ಎ. ತರಗತಿಗಳಲ್ಲಿ ಮೂಲಗ್ರಂಥ ಓದಿಸಲಿ

ಮಾನ್ಯ ಸಂಪಾದಕರೇ,

ಸಮೀಪದ ಹಳ್ಳಿಯೊಂದರ ವಿದ್ಯಾರ್ಥಿನಿಯೊಬ್ಬಳು ತತ್ವಶಾಸ್ತ್ರದಲ್ಲಿ ಎಂ.ಎ. ಓದುತ್ತಿದ್ದಾಳೆ. ಕಳೆದ ತಿಂಗಳು, ಪರೀಕ್ಷೆಗೆ ಎರಡು ವಾರ ಇರುವಾಗ, ಝೆರಾಕ್ಸ್ ಮಾಡಿಸಿದ ನೋಟ್ಸಿನ ಎರಡು ಕಟ್ಟು ಹಿಡಿದುಕೊಂಡು ಜಮಖಂಡಿಯ ನಮ್ಮ ಮನೆಗೆ ಬಂದಿದ್ದಳು. ಒಂದರಲ್ಲಿ ‘ಪ್ರಾಗನುಭವ ಸಂಶ್ಲೇಷಕ ನಿರ್ಣಯ’ ಎಂದಿತ್ತು, ಇನ್ನೊಂದರಲ್ಲಿ ‘ಅನುಭವಪೂರ್ವ ಸಂಯೋಜಕ ತೀರ್ಮಾನ’ ಎಂದಿತ್ತು. “ಸರ್, ಇವೆರಡರೊಳಗ ಕಾಂಟ್ ಹೇಳಿದ್ದು ಯಾವುದ್ರಿ?” ಎಂದು ಕೇಳಿದಳು. ಎರಡೂ ಜರ್ಮನ್ ತತ್ವಜ್ಞಾನಿ ಕಾಂಟ್‌ನ ಒಂದೇ ಪದದ ಅನುವಾದಗಳು, ಅನುಭವವನ್ನು ಆಧರಿಸದೆಯೂ ಹೊಸದನ್ನು ತಿಳಿಸುವ ನಿರ್ಣಯ ಎಂಬುದೇ ಎರಡರ ಅರ್ಥ ಎಂದು ಆಕೆಗೆ ಯಾರೂ ಹೇಳಿರಲಿಲ್ಲ.

ಕಾಂಟ್ ತಾನೇ ಕೊಡುವ ಉದಾಹರಣೆಯನ್ನು ಒಂದು ಹಾಳೆಯ ಮೇಲೆ ಬರೆದೆ: 7+5=12. ಏಳು, ಐದು, ಅವುಗಳನ್ನು ಕೂಡಿಸುವುದು ಎಂಬ ಕಲ್ಪನೆಗಳನ್ನು ಎಷ್ಟು ಬಿಡಿಸಿ ನೋಡಿದರೂ ಹನ್ನೆರಡು ಅವುಗಳೊಳಗೆ ಸಿಗುವುದಿಲ್ಲ, ಬೆರಳು ಮಡಿಸಿಯಾದರೂ ಕೂಡಿಸಿಯೇ ಅದನ್ನು ಪಡೆಯಬೇಕು. ಹಾಗೆಂದು ಅದು ಸಂತೆಯಲ್ಲಿ ಎಣಿಸಿ ಎಣಿಸಿ ರೂಢಿಯಿಂದ ಒಪ್ಪಿಕೊಂಡ ಸತ್ಯವೂ ಅಲ್ಲ, ಎಲ್ಲೆಡೆ ಎಲ್ಲ ಕಾಲಕ್ಕೂ ಹಾಗೆಯೇ ಇರಬೇಕಾದದ್ದು. ಹುಡುಗಿ ಬೆರಳು ಮಡಿಸುತ್ತ ನಡುವೆಯೇ ನಿಂತು, “ಹಂಗಾದ್ರ ಈ ಖಾತ್ರಿ ಎಲ್ಲಿಂದ ಬಂತ್ರಿ?” ಎಂದಳು. 1781ರಲ್ಲಿ ಪ್ರಕಟವಾದ ಕಾಂಟ್‌ನ ಮಹಾಗ್ರಂಥ ‘ಶುದ್ಧ ಬುದ್ಧಿಯ ವಿಮರ್ಶೆ’ ಹೊರಟಿರುವುದೇ ಈ ಪ್ರಶ್ನೆಯಿಂದ. ನಾಲ್ಕು ಸೆಮಿಸ್ಟರ್‌ಗಳ ನೋಟ್ಸು ಆಕೆಗೆ ಉತ್ತರಗಳನ್ನಷ್ಟೇ ಕೊಟ್ಟಿತ್ತು, ಆ ಪ್ರಶ್ನೆಯ ಹತ್ತಿರ ಕರೆದೊಯ್ದಿರಲಿಲ್ಲ.

ಇದು ಆಕೆಯ ತಪ್ಪಲ್ಲ. ನಾನು ಎಂ.ಎ. ಮಾಡಿದ ಎರಡು ವರ್ಷಗಳಲ್ಲಿಯೂ ಒಂದೇ ಒಂದು ಮೂಲಗ್ರಂಥವನ್ನು ತರಗತಿಯಲ್ಲಿ ಬಿಚ್ಚಿ ಸಾಲುಸಾಲಾಗಿ ಓದಿಸಿದ್ದು ನೆನಪಿಲ್ಲ. ಬರೆಸಿದ್ದನ್ನು ಬಾಯಿಪಾಠ ಮಾಡಿ ಪ್ರಥಮ ದರ್ಜೆಯಲ್ಲಿ ಪಾಸಾದೆ. ಭಾರತೀಯ ತರ್ಕಪರಂಪರೆಯಾದ ನ್ಯಾಯದರ್ಶನದ ಅನುಮಾನ ಪ್ರಮಾಣ, ಅಂದರೆ ಕಂಡದ್ದರಿಂದ ಕಾಣದ್ದನ್ನು ಊಹಿಸಿ ತಿಳಿಯುವ ಬಗೆ, ನನಗೆ ನಿಜವಾಗಿ ತಿಳಿದದ್ದು ನಾನೇ ಪಾಠ ಮಾಡಲು ನಿಂತ ಮೇಲೆ. ಕಬ್ಬಿನ ಗಾಣದ ಹೊಗೆ ದೂರದಿಂದ ಕಂಡೊಡನೆ ಕೊಪ್ಪರಿಗೆಯ ಕೆಳಗೆ ಬೆಂಕಿ ಇದೆಯೆಂದು ನಮ್ಮ ಭಾಗದ ಮಕ್ಕಳಿಗೆ ಯಾರೂ ಕಲಿಸಬೇಕಿಲ್ಲ. ಹೊಗೆ ಇದ್ದಲ್ಲೆಲ್ಲ ಬೆಂಕಿ ಇರುತ್ತದೆ ಎಂಬ ವ್ಯಾಪ್ತಿಯ, ಅಂದರೆ ಎಂದೂ ತಪ್ಪದ ಸಂಬಂಧದ ಮೇಲೆ ಆ ಊಹೆ ನಿಂತಿದೆ. ಆದರೆ ಅದನ್ನೇ ತಿರುಗಿಸಿ, ಬೆಂಕಿ ಇದ್ದಲ್ಲೆಲ್ಲ ಹೊಗೆ ಇರುತ್ತದೆ ಎನ್ನಲಾಗದು. ಕುಲುಮೆಯಿಂದ ತೆಗೆದ ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿ ಇದೆ, ಹೊಗೆ ಇಲ್ಲ ಎಂದು ನೈಯಾಯಿಕರು ತೋರಿಸಿದ್ದಾರೆ. ಇಷ್ಟು ಸ್ಪಷ್ಟವಾದ, ಇಷ್ಟು ಸುಂದರವಾದ ವಿಚಾರ ‘ಅನುಮಾನದ ಐದು ಅವಯವಗಳನ್ನು ವಿವರಿಸಿ’ ಎಂಬ ಹತ್ತು ಅಂಕದ ಪ್ರಶ್ನೆಯಾಗಿ ಒಣಗಿ ಹೋಗುವುದನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಗುರುದೇವ ರಾನಡೆಯವರು 1886ರಲ್ಲಿ ಹುಟ್ಟಿದ್ದು ಇದೇ ಜಮಖಂಡಿಯಲ್ಲಿ. ಅಲಹಾಬಾದ್ ವಿಶ್ವವಿದ್ಯಾಲಯದಲ್ಲಿ ತತ್ವಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಅವರು ಕೊನೆಯುಸಿರೆಳೆದದ್ದು ವಿಜಯಪುರ ಜಿಲ್ಲೆಯ ನಿಂಬಾಳದಲ್ಲಿ. ಉಪನಿಷತ್ತುಗಳ ಮೇಲಿನ ಅವರ ಪ್ರಸಿದ್ಧ ಗ್ರಂಥ 1926ರಲ್ಲಿ ಬಂದಿತು, ಮೈಸೂರಿನ ಎಂ. ಹಿರಿಯಣ್ಣನವರ ಭಾರತೀಯ ತತ್ವಶಾಸ್ತ್ರದ ರೂಪರೇಖೆ ಬಂದದ್ದು 1932ರಲ್ಲಿ. ಇಬ್ಬರೂ ಬರೆದದ್ದು ಇಂಗ್ಲಿಷಿನಲ್ಲಿ, ಅದು ಅಂದಿನ ಅಗತ್ಯವಾಗಿತ್ತು. ಆದರೆ ಅವರ ಪುಟಪುಟದಲ್ಲಿಯೂ ಮೂಲದ ಮಾತುಗಳ ಎದುರು ಕುಳಿತು ವಿಚಾರ ಮಾಡಿದ ಗುರುತಿದೆ. ಆ ಅಭ್ಯಾಸ ಇಂದಿನ ಕನ್ನಡ ಮಾಧ್ಯಮದ ವಿದ್ಯಾರ್ಥಿಗೆ ಸಿಗದಿರುವುದೇ ನನ್ನ ನೋವು.

ಆದ್ದರಿಂದ ನಮ್ಮ ಭಾಗದ ವಿಶ್ವವಿದ್ಯಾಲಯಗಳಿಗೆ ನನ್ನ ವಿನಂತಿ ಇಷ್ಟೇ. ಸೆಮಿಸ್ಟರ್‌ಗೆ ಒಂದಾದರೂ ಗ್ರಂಥವನ್ನು, ಅದು ಚಿಕ್ಕದಾದರೂ ಸರಿ, ಮೊದಲಿನಿಂದ ಕೊನೆಯವರೆಗೆ ತರಗತಿಯಲ್ಲಿಯೇ ಓದಿಸಲಿ: ಒಮ್ಮೆ ಕಠೋಪನಿಷತ್ತು, ಒಮ್ಮೆ ಫ್ರೆಂಚ್ ತತ್ವಜ್ಞಾನಿ ಡೆಕಾರ್ಟನ ‘ಚಿಂತನೆಗಳು’, ಒಮ್ಮೆ ಅಲ್ಲಮನ ವಚನಗಳು. ಪ್ರಶ್ನೆಪತ್ರಿಕೆಯಲ್ಲಿ ವಿದ್ಯಾರ್ಥಿ ನೋಡಿರದ ಒಂದು ಭಾಗವನ್ನು ಕೊಟ್ಟು, ಇಲ್ಲಿ ಪೂರ್ವಪಕ್ಷ (ಎದುರಾಳಿಯ ವಾದ) ಯಾವುದು, ಸಿದ್ಧಾಂತ (ಗ್ರಂಥಕಾರನ ನಿಲುವು) ಯಾವುದು, ನಡುವಿನ ವಾದ ಗಟ್ಟಿಯಾಗಿದೆಯೇ ಎಂದು ಕೇಳಲಿ. ಪಾರಿಭಾಷಿಕ ಪದಗಳ ಒಂದೇ ಕೋಶವನ್ನು ಎಲ್ಲ ವಿಭಾಗಗಳೂ ಕೂಡಿ ಒಪ್ಪಿಕೊಳ್ಳಲಿ. ಇದಕ್ಕೆ ಹೊಸ ಕಟ್ಟಡ ಬೇಕಿಲ್ಲ, ಆದರೆ ಕಾಯಂ ಅಧ್ಯಾಪಕರು ಖಂಡಿತ ಬೇಕು. ವರ್ಷ ವರ್ಷ ಬದಲಾಗುವ ಅತಿಥಿ ಉಪನ್ಯಾಸಕರು ಎಷ್ಟೇ ಜಾಣರಿದ್ದರೂ ಒಂದು ಗ್ರಂಥವನ್ನು ಹತ್ತು ವರ್ಷ ಕಲಿಸಿ ಮಾಗುವ ಅವಕಾಶ ಅವರಿಗೆ ದೊರೆಯುವುದಿಲ್ಲ.

ಈ ಪದವಿಯಿಂದ ನೌಕರಿ ಏನು ಎಂದು ಕೇಳುವ ಪಾಲಕರಿಗೂ ಒಂದು ಮಾತು. ನಾಗರಿಕ ಸೇವೆಗಳ ಮುಖ್ಯ ಪರೀಕ್ಷೆಯಲ್ಲಿ ತತ್ವಶಾಸ್ತ್ರ 500 ಅಂಕಗಳ ಐಚ್ಛಿಕ ವಿಷಯವಾಗಿದ್ದು, ಅದನ್ನು ಕನ್ನಡದಲ್ಲಿಯೂ ಬರೆಯಬಹುದು.

ಆ ವಿದ್ಯಾರ್ಥಿನಿ ಪರೀಕ್ಷೆ ಮುಗಿಸಿಕೊಂಡು ಮತ್ತೆ ಬಂದಿದ್ದಾಳೆ. ಈಗ ಪ್ರತಿ ರವಿವಾರ ಬೆಳಿಗ್ಗೆ ಇಬ್ಬರೂ ಕುಳಿತು ಕಠೋಪನಿಷತ್ತನ್ನು ಓದುತ್ತಿದ್ದೇವೆ. ನಚಿಕೇತ ಯಮನ ಬಾಗಿಲಲ್ಲಿ ಮೂರು ರಾತ್ರಿ ಕಾಯುವಲ್ಲಿಗೆ ಬಂದಿದ್ದೇವೆ. ಓದುವ ಆಸಕ್ತಿಯುಳ್ಳ ಬೇರೆ ವಿದ್ಯಾರ್ಥಿಗಳೂ ಬರಬಹುದು.

– ನಿವೃತ್ತ ತತ್ವಶಾಸ್ತ್ರ ಉಪನ್ಯಾಸಕ,
ಜಮಖಂಡಿ, ಬಾಗಲಕೋಟೆ ಜಿಲ್ಲೆ