ನಿಮ್ಮ ಸರ್ವೆ ನಂಬರುಗಳನ್ನು ನಮಗೂ ತೋರಿಸಿ: ಕೋಲಾರ ಜಿಲ್ಲೆಯ ಶಾಸಕರಿಗೆ ಬಹಿರಂಗ ಪತ್ರ

ಕೋಲಾರ, ಮಾಲೂರು, ಬಂಗಾರಪೇಟೆ, ಕೆಜಿಎಫ್, ಮುಳಬಾಗಿಲು, ಶ್ರೀನಿವಾಸಪುರ ಕ್ಷೇತ್ರಗಳ ಮಾನ್ಯ ಶಾಸಕರಿಗೆ ನಮಸ್ಕಾರಗಳು.

ನಾನು ಕೋಲಾರ ತಾಲ್ಲೂಕಿನ ರೈತ ಮಹಿಳೆ. ನನ್ನ ಹೆಸರಲ್ಲಿ 2 ಎಕರೆ 10 ಗುಂಟೆ ಜಮೀನಿದೆ. ಟೊಮೆಟೊ ಹಾಕುತ್ತೇವೆ. ಎರಡು ಸೀಮೆಹಸು ಇವೆ. ಹೋದ ವರ್ಷ ಸಣ್ಣದೊಂದು ಬೆಳೆ ಸಾಲ ಬೇಕಾಗಿತ್ತು. ಪಹಣಿ ಕೇಳಿದರು, ಕೊಟ್ಟೆ. ಮ್ಯುಟೇಶನ್, ಅಂದರೆ ಖಾತೆ ಬದಲಾವಣೆಯ ದಾಖಲೆ, ಕೇಳಿದರು. ಜಮೀನಿನ ಮೇಲೆ ಸಾಲ, ಋಣ ಇದೆಯಾ ಅಂತ ತೋರಿಸುವ 13 ವರ್ಷದ ಇ.ಸಿ. ಕೇಳಿದರು. ಬೇರೆ ಬ್ಯಾಂಕುಗಳಲ್ಲಿ ಬಾಕಿ ಇಲ್ಲ ಅಂತ ಚೀಟಿ, ಆಧಾರ್, ರೇಷನ್ ಕಾರ್ಡ್, ಜಾಮೀನು ಹಾಕುವವರ ಪಹಣಿ, ಎಲ್ಲವೂ ಬೇಕಾಯಿತು. ಮೂರು ವಾರ ಓಡಾಡಿದೆ. ನನಗೆ ಅದರಲ್ಲಿ ಬೇಸರವಿಲ್ಲ. ಊರವರ ದುಡ್ಡು ಕೊಡುವವರು ನನ್ನ ಬಗ್ಗೆ ತಿಳಿದುಕೊಳ್ಳಲೇಬೇಕು. ಬಿಪಿಎಲ್ ಕಾರ್ಡಿಗೂ ಹಾಗೇ, ವರ್ಷದ ಆದಾಯ 1.20 ಲಕ್ಷ ರೂಪಾಯಿ ದಾಟಿಲ್ಲ ಅಂತ ತೋರಿಸಬೇಕು.

ಹಾಗಾದರೆ ನಮ್ಮ ಓಟು ಕೇಳಲು ಬರುವವರ ಆಸ್ತಿ ನಮಗೆ ಗೊತ್ತಿರಬೇಕು ಅನ್ನುವುದು ದೊಡ್ಡ ಮಾತೇನಲ್ಲ, ಅಲ್ವಾ? ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿಯೊಂದರಲ್ಲೇ ಒಂದು ಕ್ಷೇತ್ರಕ್ಕೆ ವರ್ಷಕ್ಕೆ 2 ಕೋಟಿ ರೂಪಾಯಿ ಇದೆ. ಅದಕ್ಕಿಂತ ಎಷ್ಟೋ ಪಟ್ಟು ಹಣದ ಕೆಲಸಗಳು ನಿಮ್ಮ ಮಾತಿನ ಮೇಲೆ ನಡೆಯುತ್ತವೆ.

ಈ ಹಕ್ಕು ನಮಗೆ ಸುಮ್ನೆ ಸಿಕ್ಕಿದ್ದಲ್ಲ. 2002ರ ಮೇ 2ರಂದು ಸುಪ್ರೀಂ ಕೋರ್ಟ್, ಅಭ್ಯರ್ಥಿಯ ಆಸ್ತಿ, ಸಾಲ, ಕ್ರಿಮಿನಲ್ ಕೇಸು, ಓದು ತಿಳಿಯುವುದು ಮತದಾರರ ಹಕ್ಕು ಎಂದಿತು. ಪಕ್ಷಗಳಿಗೆ ಅದು ಹಿಡಿಸಲಿಲ್ಲ. ಅದನ್ನು ತಡೆಯಲು ಕೇಂದ್ರ ಸರ್ಕಾರ ಸುಗ್ರೀವಾಜ್ಞೆ ತಂದಿತು. ರಾಷ್ಟ್ರಪತಿಯಾಗಿದ್ದ ಅಬ್ದುಲ್ ಕಲಾಂ ಅವರು ಒಮ್ಮೆ ಅದನ್ನು ವಾಪಸು ಕಳಿಸಿದರು. ಸರ್ಕಾರ ಮತ್ತೆ ಕಳಿಸಿತು, ಅವರು ಸಹಿ ಹಾಕಬೇಕಾಯಿತು. ಅದೇ ಮುಂದೆ ಕಾನೂನಿನ ತಿದ್ದುಪಡಿ ಆಯಿತು. ಆಮೇಲೆ 2003ರ ಮಾರ್ಚ್ 13ರಂದು ಕೋರ್ಟ್ ಆ ತಿದ್ದುಪಡಿಯನ್ನು ಹೊಡೆದುಹಾಕಿತು. ಇವತ್ತು ನಾಮಪತ್ರದ ಜೊತೆ ನೀವು ಕೊಡುವ ಫಾರಂ 26 ಅಫಿಡವಿಟ್ ನಮ್ಮ ಕೈಗೆ ಸಿಗುವುದು ಅಷ್ಟೆಲ್ಲಾ ಆದ ಮೇಲೆ.

2023ರ ಚುನಾವಣೆಯಲ್ಲಿ ನಾನು ಮೊದಲ ಸಲ ಅಂಥ ಒಂದು ಅಫಿಡವಿಟ್ ಪೂರ್ತಿ ನೋಡಿದೆ. ಬೆಳಿಗ್ಗೆ ಡೈರಿಗೆ ಹಾಲು ಹಾಕಿ ನಿಂತಿದ್ದೆವು. ಪಕ್ಕದ ಮನೆ ಹುಡುಗ ಮೊಬೈಲಿನಲ್ಲಿ ತೆಗೆದು ಓದಿದ. ಕೈಯಲ್ಲಿರುವ ನಗದು, ಬ್ಯಾಂಕ್ ಠೇವಣಿ, ಒಡವೆ, ವಾಹನ, ಸಾಲ. ಆಮೇಲೆ ಜಮೀನು, ಸರ್ವೆ ನಂಬರ್ ಸಮೇತ. ಅಲ್ಲಿ ಬರೆದಿದ್ದ ಇವತ್ತಿನ ಬೆಲೆ ಕೇಳಿ ಹಿರಿಯರೊಬ್ಬರು, "ಈ ರೇಟಿಗೆ ನಮ್ಮ ಕಡೆ ಒಂದು ಗುಂಟೆ ಯಾರು ಕೊಡ್ತಾರಪ್ಪಾ?" ಅಂದರು. ಆ ಅಭ್ಯರ್ಥಿಯ ಹೆಸರು ಇಲ್ಲಿ ಬೇಡ, ಅವರು ಗೆಲ್ಲಲೂ ಇಲ್ಲ. ಆದರೆ ಆ ಪ್ರಶ್ನೆ ನನ್ನ ತಲೆಯಲ್ಲೇ ಉಳಿದಿದೆ. ಲೆಕ್ಕ ಪರಿಶೋಧಕರಿಗೆ ಹೊಳೆಯದ ಪ್ರಶ್ನೆ ಆ ಹಿರಿಯರಿಗೆ ಹೊಳೆಯಿತು. ಆ ಜಮೀನಿನ ಪಕ್ಕದಲ್ಲೇ ಅವರು ಅರವತ್ತು ವರ್ಷ ಉತ್ತಿದ್ದಾರೆ. ಅಫಿಡವಿಟ್ ಜನರ ಮುಂದೆ ಇರಬೇಕು ಅನ್ನುವುದು ಇದಕ್ಕೇ.

ನಮ್ಮ ಜಿಲ್ಲೆಯಲ್ಲಿ ಜಮೀನಿನ ಮಾತು ಬೇರೆಯೇ. ನರಸಾಪುರದಲ್ಲಿ, ವೇಮಗಲ್‌ನಲ್ಲಿ, ಮಾಲೂರಿನಲ್ಲಿ ಕಾರ್ಖಾನೆಗಳು ಬಂದವು. ಬೆಂಗಳೂರು-ಚೆನ್ನೈ ಎಕ್ಸ್‌ಪ್ರೆಸ್‌ವೇ ಮಾಲೂರು, ಬಂಗಾರಪೇಟೆ, ಬೇತಮಂಗಲದ ಕಡೆಯಿಂದ ಹಾದುಹೋಗುತ್ತದೆ. ರಸ್ತೆ ಎಲ್ಲಿ ಬರುತ್ತದೆ, ಯಾವ ಸರ್ವೆ ನಂಬರ್ ಸ್ವಾಧೀನಕ್ಕೆ ಹೋಗುತ್ತದೆ, ಎಲ್ಲಿ ಲೇಔಟ್ ಆಗುತ್ತದೆ ಅನ್ನುವುದು ನಮಗೆ ನೋಟಿಸು ಬಂದಾಗ ಗೊತ್ತಾಗುತ್ತದೆ. ಅಧಿಕಾರದಲ್ಲಿ ಇರುವವರಿಗೆ ಮೊದಲೇ ಗೊತ್ತಾಗಬಹುದು. ನಿಮ್ಮಲ್ಲಿ ಯಾರಾದರೂ ಹಾಗೆ ಮೊದಲೇ ತಿಳಿದು ಜಮೀನು ಕೊಂಡಿದ್ದೀರಿ ಅಂತ ನಾನು ಹೇಳುತ್ತಿಲ್ಲ. ಹಾಗೆ ಹೇಳಲು ನನ್ನ ಹತ್ತಿರ ಏನೂ ಇಲ್ಲ. ಆದರೆ ಬಾಯಿ ಮಾತಿನಲ್ಲಿ ಊರೂರು ಸುತ್ತುವ ಅನುಮಾನ ಇದೆಯಲ್ಲ, ಅದು ನಿಮಗೂ ಒಳ್ಳೆಯದಲ್ಲ, ನಮಗೂ ಒಳ್ಳೆಯದಲ್ಲ. ಚುನಾವಣೆಗೆ ಮೊದಲು ಏನಿತ್ತು, ಆಮೇಲೆ ಏನು ಸೇರಿತು, ಯಾವ ದುಡ್ಡಿನಿಂದ ಸೇರಿತು ಅಂತ ಕಾಗದದಲ್ಲಿ ಇದ್ದರೆ ಮಾತು ಅಲ್ಲಿಗೆ ನಿಲ್ಲುತ್ತದೆ.

ತೊಂದರೆ ಏನೆಂದರೆ, ಅಫಿಡವಿಟ್ ಬರುವುದು ಐದು ವರ್ಷಕ್ಕೊಮ್ಮೆ. ಅದೂ ನಿಂತರೆ ಮಾತ್ರ. ನಡುವಿನ ವರ್ಷಗಳಲ್ಲೇ ಜಮೀನು ಕೈ ಬದಲಾಗುತ್ತದೆ. 2018ರಲ್ಲಿ ಸುಪ್ರೀಂ ಕೋರ್ಟ್ ಆದಾಯದ ಮೂಲವನ್ನೂ ಹೇಳಬೇಕು ಎಂದಿತು. ಗೆದ್ದವರ ಆಸ್ತಿ ಹೇಗೆ ಬೆಳೆಯುತ್ತದೆ ಎಂದು ನೋಡಲು ಶಾಶ್ವತ ವ್ಯವಸ್ಥೆ ಬೇಕು ಎಂದೂ ಹೇಳಿತು. ಇನ್ನು ಅಫಿಡವಿಟ್‌ನಲ್ಲಿ ಸುಳ್ಳು ಬರೆದರೆ ಜನತಾ ಪ್ರಾತಿನಿಧ್ಯ ಕಾಯ್ದೆಯ 125ಎ ಕಲಂ ಪ್ರಕಾರ ಶಿಕ್ಷೆ ಹೆಚ್ಚೆಂದರೆ 6 ತಿಂಗಳು ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಇದು ತೀರಾ ಕಡಿಮೆ ಅಂತ ನನ್ನ ಅನಿಸಿಕೆ.

ಕೆಲವರು ಖಾಸಗಿತನದ ಮಾತು ಎತ್ತುತ್ತಾರೆ. ಅದನ್ನು ನಾನು ತಳ್ಳಿಹಾಕುವುದಿಲ್ಲ. 2024ರಲ್ಲಿ ಅರುಣಾಚಲ ಪ್ರದೇಶದ ಕೇಸೊಂದರಲ್ಲಿ ಸುಪ್ರೀಂ ಕೋರ್ಟ್, ಮನೆಯ ಪ್ರತಿಯೊಂದು ಸಣ್ಣ ವಸ್ತುವನ್ನೂ ಅಭ್ಯರ್ಥಿ ಹೇಳಬೇಕಿಲ್ಲ ಎಂದಿತು. ಸರಿಯೇ. ನಿಮ್ಮ ಮನೆಯ ಪಾತ್ರೆ, ಬಟ್ಟೆ, ಮಕ್ಕಳ ಕಾಯಿಲೆ ನಮಗೆ ಬೇಡ. ಜಮೀನು, ಸೈಟು, ಕಂಪನಿಯ ಪಾಲು, ದೊಡ್ಡ ಸಾಲ, ಸರ್ಕಾರದ ಗುತ್ತಿಗೆ, ಇಷ್ಟು ಸಾಕು.

ಆಸ್ತಿ ಹೇಳಿಕೊಂಡರೆ ಜನ ದೂರ ಆಗುತ್ತಾರೆ ಅನ್ನುವ ಭಯವೂ ಬೇಡ. ಪಕ್ಕದ ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರಿನಲ್ಲಿ ಕೆ.ಎಚ್. ಪುಟ್ಟಸ್ವಾಮಿಗೌಡರು 1,200 ಕೋಟಿ ರೂಪಾಯಿಗೂ ಜಾಸ್ತಿ ಆಸ್ತಿ ಘೋಷಿಸಿ, 2023ರಲ್ಲಿ ಪಕ್ಷೇತರರಾಗಿ ನಿಂತು ಗೆದ್ದರು. ದುಡ್ಡಿರುವುದು ತಪ್ಪು ಅಂತ ನಮ್ಮ ಜನ ಯಾವತ್ತೂ ಅಂದುಕೊಂಡಿಲ್ಲ.

ಈಗ ನನ್ನ ಕೋರಿಕೆ. ಕರ್ನಾಟಕ ಲೋಕಾಯುಕ್ತ ಕಾಯ್ದೆ, 1984ರ 22ನೇ ಕಲಂ ಪ್ರಕಾರ ಪ್ರತಿ ವರ್ಷ ಜೂನ್ 30ರೊಳಗೆ ನಿಮ್ಮ ಮತ್ತು ಮನೆಯವರ ಆಸ್ತಿ, ಸಾಲದ ವಿವರವನ್ನು ನೀವು ಲೋಕಾಯುಕ್ತರಿಗೆ ಕೊಡಬೇಕು. ಅದರ ಒಂದು ಜೆರಾಕ್ಸ್ ನಮಗೂ ಕೊಡಿ. ಹೊಸ ಕಾನೂನು ಬೇಕಿಲ್ಲ, ಯಾರ ಅಪ್ಪಣೆಯೂ ಬೇಕಿಲ್ಲ. ಜಮೀನಿಗೆ ಸರ್ವೆ ನಂಬರ್ ಇರಲಿ, ಕೊಂಡ ವರ್ಷ ಇರಲಿ, ಕೊಂಡ ಬೆಲೆ ಇರಲಿ. ಸಂಪಾದನೆಗೆ ಬಂದ ಮಕ್ಕಳ ಹೆಸರಿನ ಜಮೀನನ್ನೂ ಅವರನ್ನು ಒಪ್ಪಿಸಿ ಸೇರಿಸಿ. ನಾಮಪತ್ರದ ಫಾರಂನಲ್ಲಿ ಗಂಡ, ಹೆಂಡತಿ, ಹಿಂದೂ ಅವಿಭಕ್ತ ಕುಟುಂಬ, ಅವಲಂಬಿತರ ಲೆಕ್ಕ ಮಾತ್ರ ಕೇಳುತ್ತಾರೆ. ಬೆಳೆದ ಮಕ್ಕಳು ಅದರ ಹೊರಗೆ ಉಳಿಯುತ್ತಾರೆ. ಊರಲ್ಲಿ ಎಲ್ಲರೂ ಮೊದಲು ಕೇಳುವುದೇ ಅದನ್ನು.

ನಮ್ಮ ಡೈರಿಯಲ್ಲಿ ಹಾಲಿನ ಫ್ಯಾಟ್ ಎಷ್ಟು ಬಂತು ಅನ್ನುವುದು ಹಿಂದೆ ನಿಂತವರಿಗೂ ಕಾಣುತ್ತದೆ. ನಮ್ಮ ಸ್ತ್ರೀಶಕ್ತಿ ಸಂಘದಲ್ಲಿ ಯಾರು ಎಷ್ಟು ಸಾಲ ತೆಗೆದರು, ಎಷ್ಟು ಕಟ್ಟಿದರು ಅಂತ ವಾರಕ್ಕೊಮ್ಮೆ ಜೋರಾಗಿ ಓದುತ್ತೇವೆ. ಮೊದಮೊದಲು ನನಗೂ ನಾಚಿಕೆ ಆಗುತ್ತಿತ್ತು. ಈಗ ಯಾರಿಗೂ ಏನೂ ಅನಿಸುವುದಿಲ್ಲ, ಜಗಳವೂ ಇಲ್ಲ.

ಆ ಜೆರಾಕ್ಸನ್ನು ನಿಮ್ಮ ನಿಮ್ಮ ತಾಲ್ಲೂಕು ಕಚೇರಿಯ ನೋಟಿಸ್ ಬೋರ್ಡಿಗೆ ಹಾಕಿಸಿ. ಬರುವ ಜುಲೈ ಮೊದಲ ವಾರ ಪಹಣಿ ತೆಗೆಸಲು ನಾನು ಹೇಗೂ ಅಲ್ಲಿಗೆ ಬರುತ್ತೇನೆ. ಆಗ ಬೋರ್ಡ್ ನೋಡಿಕೊಂಡು ಹೋಗುತ್ತೇನೆ.

ಇಂತಿ,
ನಿಮ್ಮ ಜಿಲ್ಲೆಯ ಮತದಾರಳು,
ಕೋಲಾರ ತಾಲ್ಲೂಕು