ಆಂಟೆಪ್‌ಗೆ ಹಸಿದುಕೊಂಡು ಹೋಗು

ಪ್ರೀತಿಯ ಪುಟ್ಟಿ,

ಇಸ್ತಾಂಬುಲ್‌ನಿಂದ ಮೂರು ದಿನ ಟರ್ಕಿಯ ಆಗ್ನೇಯಕ್ಕಿರುವ ಗಾಜಿಯಾಂಟೆಪ್‌ಗೆ ಹೋಗುತ್ತೇನೆ, ಎಲ್ಲಿ ಊಟ ಮಾಡಲಿ ಅಂತ ಕೇಳಿದ್ದೆಯಲ್ಲ. ಫೋನಿನಲ್ಲಿ ಹೇಳಿದರೆ ಅರ್ಧ ಮರೆಯುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ. ಮ್ಯೂಸಿಯಂ, ಕೋಟೆ ಎಲ್ಲ ನಿನಗೆ ಬಿಟ್ಟಿದ್ದು. (2023ರ ಫೆಬ್ರವರಿ ಭೂಕಂಪದಲ್ಲಿ ಕೋಟೆಯ ಗೋಡೆ ಕುಸಿದಿತ್ತು. ಒಳಗೆ ಬಿಡುತ್ತಾರಾ ಅಂತ ಅಲ್ಲೇ ವಿಚಾರಿಸು.) ನಾನು ಹೊಟ್ಟೆ ವಿಷಯ ಮಾತ್ರ ಹೇಳುತ್ತೇನೆ.

ಊರಿನವರ ಬಾಯಲ್ಲಿ ಅದು ಬರೀ ಆಂಟೆಪ್. ಫ್ರೆಂಚರ ಎದುರು ಹೋರಾಡಿದ್ದಕ್ಕೆ 1921ರಲ್ಲಿ ‘ಗಾಜಿ’, ಅಂದರೆ ವೀರಯೋಧ, ಅನ್ನುವ ಬಿರುದು ಸೇರಿತು. ಅಲ್ಲಿ ಪ್ರತಿ ತಿಂಡಿಗೂ ಅದರದೇ ಹೊತ್ತಿದೆ. ಇದು ಗೊತ್ತಿಲ್ಲದೆ ನಾನೂ ನಿನ್ನಮ್ಮನೂ ಮೊದಲ ದಿನ ಪೆಚ್ಚಾದೆವು. ಹೋಟೆಲಿನಲ್ಲಿ ಹೊಟ್ಟೆ ತುಂಬ ತಿಂದು, ಮಧ್ಯಾಹ್ನ ಎರಡು ಗಂಟೆಗೆ ಬೆಯ್ರಾನ್ ಅನ್ನುವ ಬೆಳಗಿನ ಕುರಿಮಾಂಸದ ಸಾರು ಕುಡಿಯಲು ಒಂದು ಅಂಗಡಿಗೆ ಹೋದರೆ, ಅವನು ನಕ್ಕು ಬೋರಲು ಹಾಕಿದ್ದ ಹಂಡೆ ತೋರಿಸಿದ!

ಮರುದಿನ ಬೆಳಿಗ್ಗೆ ಆರೂವರೆಗೆ ಮೆತಾನೆತ್ ಲೊಕಾಂತಾಸಿ ಅನ್ನುವ ಹೋಟೆಲಿಗೆ ಹೋದೆವು. ನೀನೂ ಅಲ್ಲಿಗೇ ಹೋಗು. ಒಲೆಯ ಹತ್ತಿರ ಕಾಣುವ ಹಾಗೆ ಕೂತುಕೋ. ಒಂದೊಂದು ಲೋಹದ ಬಟ್ಟಲಿಗೆ ಅನ್ನ, ಎಳೆ ಎಳೆಯಾಗಿ ಬಿಡಿಸಿದ ಕುರಿಮಾಂಸ, ಕೊಬ್ಬು, ಬೆಳ್ಳುಳ್ಳಿ, ಕೆಂಪು ಮೆಣಸಿನಪುಡಿ ಹಾಕಿ ಸಾರು ಹುಯ್ಯುತ್ತಾರೆ. ಆಮೇಲೆ ಆ ಬಟ್ಟಲನ್ನೇ ಧಗಧಗ ಉರಿಯ ಮೇಲೆ ಇಡುತ್ತಾರೆ. ಸಾರು ಕುದಿಯುತ್ತಲೇ ಟೇಬಲ್ಲಿಗೆ ಬರುತ್ತದೆ. ಮಂಡ್ಯದಲ್ಲಿ ಬೆಳಿಗ್ಗೆ ಕಾಲು ಸೂಪು ಕುಡಿದು ಬೆಳೆದವನು ನಾನು, ಸುಲಭಕ್ಕೆ ಒಪ್ಪುವ ಪೈಕಿ ಅಲ್ಲ. ಎರಡನೇ ಚಮಚಕ್ಕೆ ಮೂಗು ಸೋರಿತು. ಒಪ್ಪಿಬಿಟ್ಟೆ.

ಇನ್ನೊಂದು ಬೆಳಿಗ್ಗೆ ಕತ್ಮೆರ್‌ಗೆ ಇಟ್ಟುಕೋ. ಜೆಕೆರಿಯಾ ಉಸ್ತಾ ಅಂಗಡಿ ಪ್ರಸಿದ್ಧ. ಹಿಟ್ಟನ್ನು ಗಾಳಿಯಲ್ಲಿ ಬೀಸಿ ಬೀಸಿ, ಆಚೆಗಿನ ಮುಖ ಕಾಣುವಷ್ಟು ತೆಳ್ಳಗೆ ಮಾಡುತ್ತಾರೆ. ಒಳಗೆ ಗಟ್ಟಿ ಕೆನೆ, ಪಿಸ್ತಾಪುಡಿ, ಸಕ್ಕರೆ. ಮಡಿಚಿ ಬೇಯಿಸಿ ಬಿಸಿಬಿಸಿ ಕೊಡುತ್ತಾರೆ. ಮದುವೆಯಾದ ಮರುದಿನ ಬೆಳಿಗ್ಗೆ ಹೊಸ ಜೋಡಿಗೆ ಇದನ್ನು ತಿನ್ನಿಸುವ ಪದ್ಧತಿ ಅಲ್ಲಿದೆ. ಒಬ್ಬಳೇ ಒಂದು ಪೂರ್ತಿ ತಿನ್ನಲು ಹೋಗಬೇಡ, ಮಧ್ಯಾಹ್ನದ ಊಟ ಕೆಡುತ್ತದೆ.

ಮಧ್ಯಾಹ್ನಕ್ಕೆ ತಾಮ್ರದ ಪಾತ್ರೆ ಬಡಿಯುವವರ ಬೀದಿ ಸುತ್ತಿಕೊಂಡು ಇಮಾಮ್ ಚಾದಾಶ್‌ಗೆ ಹೋಗು. 1887ರ ಅಂಗಡಿ. ಅಲಿ ನಾಜಿಕ್ ಕೇಳು. ನಮ್ಮ ಸುಟ್ಟ ಬದನೆಕಾಯಿ ಮೊಸರುಬಜ್ಜಿಗೆ ಬೆಳ್ಳುಳ್ಳಿ ಹಾಕಿ, ಮೇಲೆ ಮಾಂಸ ಸುರಿದ ಹಾಗಿರುತ್ತದೆ. ನಿಮ್ಮಮ್ಮ ಬೆರಳು ನೆಕ್ಕಿದ್ದು ನಾನು ನೋಡಿದೆ, ಅವಳು ಇವತ್ತಿಗೂ ಒಪ್ಪಲ್ಲ. ತೆಳ್ಳನೆಯ ರೊಟ್ಟಿ ಮೇಲೆ ಕೊಚ್ಚಿದ ಮಾಂಸ ಹರಡಿ ಸುಟ್ಟ ಲಹ್ಮಜುನ್ ಕೂಡ ತಿನ್ನು. ಪಕ್ಕದ ಉರ್ಫಾದವರು ಈರುಳ್ಳಿ ಹಾಕಿದರೆ ಇವರು ಬೆಳ್ಳುಳ್ಳಿ ಹಾಕುತ್ತಾರೆ. ಇದರ ಮೇಲೆ ಎರಡೂ ಊರಿನವರಿಗೆ ಬಿಸಿಬಿಸಿ ವಾದ, ನೀನು ತಲೆ ಹಾಕಬೇಡ.

ಪದರ ಪದರದ ಪಿಸ್ತಾ ಸಿಹಿ ಬಕ್ಲಾವಾ ಕೂಡ ಇಮಾಮ್ ಚಾದಾಶ್‌ನಲ್ಲೇ ಸಿಗುತ್ತದೆ. ಆಂಟೆಪ್ ಬಕ್ಲಾವಾಗೆ 2013ರಲ್ಲಿ ಯುರೋಪಿಯನ್ ಯೂನಿಯನ್ನಿನ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಸಿಕ್ಕಿದೆ. ಫೋರ್ಕ್ ಚುಚ್ಚಿದಾಗ ಚಿರೋಟಿ ಮುರಿದ ಹಾಗೆ ಸದ್ದು ಬರಬೇಕು. ಒಳಗೆ ಪಿಸ್ತಾ ಗಿಳಿಹಸಿರು ಇರಬೇಕು, ಯಾಕೆಂದರೆ ಪೂರ್ತಿ ಮಾಗುವ ಮೊದಲೇ ಕಿತ್ತ ಪಿಸ್ತಾ ಹಾಕುತ್ತಾರೆ. ತಟ್ಟೆಯಲ್ಲಿ ಪಾಕ ಮಡುಗಟ್ಟಿ ನಿಂತಿದ್ದರೆ ಎದ್ದು ಬಾ. ಹಾಗೆ ಎದ್ದು ಬರದೆ ದುಡ್ಡು ಕೊಟ್ಟು ಸುಮ್ನೆ ತಿಂದವನು ನಾನು, ಅದಕ್ಕೇ ಹೇಳುತ್ತಿದ್ದೇನೆ.

ಸಂಜೆ ತಹ್ಮಿಸ್ ಕಾಫಿ ಮನೆ. ಅದು ಶುರುವಾಗಿದ್ದು 1635ರಲ್ಲಿ. ಮೆನೆಂಗಿಚ್ ಕಾಫಿ ಕುಡಿ. ಹೆಸರಿಗೆ ಕಾಫಿ, ಬೀಜ ಮಾತ್ರ ಪಿಸ್ತಾದ ದಾಯಾದಿಯೊಂದು ಕಾಡುಮರದ್ದು. ಕೆಫೀನ್ ಇಲ್ಲ, ನಿದ್ದೆ ಕೆಡಲ್ಲ.

ಹೊರಡುವ ದಿನ ಮಸಾಲೆ ಪೇಟೆಗೆ ಹೋಗಿ ಒಣ ಬದನೆಕಾಯಿ ಸರ ತಗೋ. ತಿರುಳು ತೆಗೆದು ದಾರಕ್ಕೆ ಪೋಣಿಸಿ, ಬಾಗಿಲಿಗೆ ತೋರಣ ಕಟ್ಟಿದ ಹಾಗೆ ನೇತುಹಾಕಿರುತ್ತಾರೆ. ಅವರು ಅದರೊಳಗೆ ಅನ್ನ, ಮಾಂಸ ತುಂಬಿ ದೊಲ್ಮಾ ಮಾಡುತ್ತಾರೆ. ಹೋದ ಸಲ ತಂದಿದ್ದನ್ನು ಅಮ್ಮ ಬಿಸಿನೀರಿನಲ್ಲಿ ನೆನೆಸಿ ಎಣ್ಣೆಗಾಯಿ ಮಾಡಿದಳು. ಒಂದು ಸರ ಎರಡೇ ಸಲಕ್ಕೆ ಮುಗಿಯಿತು. ಈ ಸಲ ಮೂರು ತಾ.

ನಿನ್ನ
ಅಪ್ಪ