ಮಗಳಿಗೊಂದು ಪತ್ರ: ಮಾರಾ ಬಯಲಿನ ಸಿವಂಗಿ

ತಾಲೆಕ್ ನದಿಯ ದಡ, ಮಸಾಯಿ ಮಾರಾ, ಕೀನ್ಯಾ
ಆಗಸ್ಟ್ 19

ಪ್ರೀತಿಯ ಮಗಳೇ,

ನಿನ್ನೆ ಫೋನಿನಲ್ಲಿ ನೀನು ಕೇಳಿದ ಮೊದಲ ಪ್ರಶ್ನೆಯೇ "ಚೀತಾ ಸಿಕ್ಕಿತಾ ಅಮ್ಮಾ?" ಎಂಬುದು. ಸಿಕ್ಕಿತು ಎಂದಷ್ಟೇ ಹೇಳಿ ನಾನು ಮಾತು ಬದಲಿಸಿದೆ. ಅದನ್ನು ನೋಡಿದ ಬಗೆಯನ್ನು ಎರಡು ನಿಮಿಷದ ಕರೆಯಲ್ಲಿ ಹೇಳಿ ಮುಗಿಸಲು ನನಗೆ ಮನಸ್ಸಾಗಲಿಲ್ಲ. ಡೇರೆಯಲ್ಲಿ ಇನ್ನೂ ಸ್ವಲ್ಪ ಹೊತ್ತು ದೀಪವಿರುತ್ತದೆಯಾದ್ದರಿಂದ ಈಗ ಕುಳಿತು ಎಲ್ಲವನ್ನೂ ಬರೆಯುತ್ತೇನೆ.

ನಾಗರಹೊಳೆಯಲ್ಲಿ ನಾವು ಪ್ರಾಣಿಗಳನ್ನು ಮೊದಲು ಕಿವಿಯಿಂದ ಹುಡುಕುತ್ತೇವೆ. ಕಡವೆಯ ಕೂಗೋ ಮುಸಿಯನ ಕೆಮ್ಮೋ ಕೇಳಿದರೆ ಜೀಪು ನಿಲ್ಲುತ್ತದೆ, ಎಲ್ಲರೂ ಉಸಿರು ಬಿಗಿಹಿಡಿದು ಪೊದೆಗಳತ್ತ ನೋಡುತ್ತಾರೆ, ಹತ್ತರಲ್ಲಿ ಎಂಟು ಸಲ ಏನೂ ಕಾಣದೆ ಮರಳುತ್ತೇವೆ. ಇಲ್ಲಿ ಹಾಗಿಲ್ಲ. ಸುಮಾರು 1,510 ಚದರ ಕಿಲೋಮೀಟರಿನ ಈ ಮೀಸಲು ಪ್ರದೇಶದ ಬಹುಭಾಗ ಹುಲ್ಲೇ. ಅಲ್ಲೊಂದು ಇಲ್ಲೊಂದು ಕೊಡೆಯಂತೆ ಹರಡಿದ ಜಾಲಿಯ ಜಾತಿಯ ಮರ, ಅದರಾಚೆ ಮತ್ತೆ ಹುಲ್ಲು, ತೆಂಕಣಕ್ಕೆ ಅದೇ ಹುಲ್ಲು ಗಡಿ ದಾಟಿ ಟಾಂಜಾನಿಯಾದ ಸೆರೆಂಗೆಟಿಯಾಗಿ ಮುಂದುವರಿಯುತ್ತದೆ. ಒಂದೆರಡು ಕಿಲೋಮೀಟರು ದೂರದ ಆನೆಯ ಹಿಂಡು ಬರಿಗಣ್ಣಿಗೆ ಕಾಣುತ್ತದೆ. ಅಷ್ಟೇ ದೂರದಿಂದ ಒಂದು ವಾಹನ ನಿಂತಿರುವುದು ಇನ್ನೊಂದು ವಾಹನಕ್ಕೂ ಕಾಣುತ್ತದೆ ಎಂಬುದನ್ನು ನೆನಪಿಟ್ಟುಕೋ, ಮುಂದಿನದೆಲ್ಲ ಅದರಿಂದಲೇ ಆದದ್ದು.

ಎರಡನೆಯ ದಿನ ಬೆಳಗ್ಗೆ, ಸ್ವೆಟರ್ ಹಾಕಿಕೊಂಡರೂ ಚಳಿ ಬಿಡದಂಥ ಹೊತ್ತಿನಲ್ಲಿ, ಒಂದು ಹುತ್ತದ ಮೇಲೆ ಅವಳು ಕುಳಿತಿದ್ದಳು. ಸಿವಂಗಿ ಎಂದು ನಮ್ಮ ಕನ್ನಡದಲ್ಲೇ ಹಿಂದೆ ಚೀತಾಕ್ಕೊಂದು ಹೆಸರಿತ್ತು. ಪ್ರಾಣಿ ಅಳಿದ ಮೇಲೆ ಹೆಸರೂ ಬಳಕೆ ತಪ್ಪಿತು. ಭಾರತದಲ್ಲಿ ಅದು ನಾಶವಾಯಿತೆಂದು ಸರ್ಕಾರ 1952ರಲ್ಲಿ ಘೋಷಿಸಿತು. ನಮೀಬಿಯಾದಿಂದ ಎಂಟು ಚೀತಾಗಳು ಕುನೋ ಕಾಡಿಗೆ ಬಂದದ್ದು 2022ರಲ್ಲಿ, ಅದನ್ನು ನೀನೇ ಟಿವಿಯಲ್ಲಿ ನೋಡಿ ನನಗೆ ಹೇಳಿದ್ದೆ. ಹುತ್ತದ ಬುಡದಲ್ಲಿ ಮೂರು ಮರಿಗಳು ಆಡುತ್ತಿದ್ದವು. ಅವುಗಳ ಬೆನ್ನ ಮೇಲೆ ಬೂದಿ ಬಣ್ಣದ ಉದ್ದನೆಯ ಕೂದಲಿತ್ತು, ತಾಯಿಯನ್ನು ಕರೆಯುವ ಸದ್ದಂತೂ ಥೇಟು ಹಕ್ಕಿಮರಿಯ ಚಿಲಿಪಿಲಿ. ಇನ್ನೂರು ಮೀಟರು ಆಚೆ ಥಾಮ್ಸನ್ ಗೆಜೆಲ್‌ಗಳು, ಅಂದರೆ ನಮ್ಮ ಕೃಷ್ಣಮೃಗದ ಹತ್ತಿರದ ಸಂಬಂಧಿಗಳಾದ ಪುಟ್ಟ ಜಿಂಕೆಗಳು, ಮೇಯುತ್ತಿದ್ದವು. ತಾಯಿ ಹುತ್ತದಿಂದ ಇಳಿದು, ತಲೆ ತಗ್ಗಿಸಿ, ಒಂದೊಂದೇ ಹೆಜ್ಜೆಯಿಡತೊಡಗಿದಳು. ಮರಿಗಳು ಯಾರೋ ಗದರಿಸಿದಂತೆ ಥಟ್ಟನೆ ಹುಲ್ಲಿನಲ್ಲಿ ಅಡಗಿದವು.

ಆಗ ಅಲ್ಲಿದ್ದದ್ದು ಮೂರು ವಾಹನ. ಅರ್ಧ ಗಂಟೆಯಲ್ಲಿ ನಾನು ಹದಿನಾಲ್ಕನ್ನು ಎಣಿಸಿದೆ. ಒಂದು ಬೇಟೆಯಾಡುವ ಪ್ರಾಣಿಯ ಬಳಿ ಐದಕ್ಕಿಂತ ಹೆಚ್ಚು ವಾಹನ ಇರಬಾರದೆಂಬ ನಿಯಮ ಇಲ್ಲಿದೆ, ಚಾಲಕರೆಲ್ಲರಿಗೂ ಅದು ಗೊತ್ತು. ಆದರೆ ರೇಡಿಯೋದಲ್ಲಿ "ದೂಮಾ, ದೂಮಾ" ಎಂಬ ಸುದ್ದಿ ಹರಿದಾಡುತ್ತಿತ್ತು, ಸ್ವಾಹಿಲಿಯಲ್ಲಿ ಚೀತಾಕ್ಕೆ ಹಾಗೆನ್ನುತ್ತಾರೆ. ಕೊನೆಗೆ ಒಂದು ವಾಹನ ಅವಳಿಗೂ ಜಿಂಕೆಗಳಿಗೂ ನಡುವೆಯೇ ಹೋಗಿ ನಿಂತಿತು. ಜಿಂಕೆಗಳು ತಲೆಯೆತ್ತಿ ಓಡಿದವು. ಅವಳು ಸ್ವಲ್ಪ ಹೊತ್ತು ನಿಂತಲ್ಲೇ ನಿಂತು, ಆಮೇಲೆ ಹಿಂದಿರುಗಿ ಹುತ್ತದ ನೆರಳಿನಲ್ಲಿ ಮಲಗಿದಳು. ಆ ವಾಹನದವರನ್ನು ದೂರಿ ಪತ್ರ ಮುಗಿಸಬಹುದಿತ್ತು. ಆದರೆ ಅದಕ್ಕೂ ಮೊದಲು, ಮರಿಗಳ ಮುಖ ಚೆನ್ನಾಗಿ ಕಾಣಲೆಂದು, ನಮ್ಮ ಜೀಪನ್ನು ಎರಡು ಸಲ ಮುಂದಕ್ಕೆ ಬಿಡಿಸಿದವಳು ನಾನು.

ಇದು ಅವಳಿಗೆ ಎಷ್ಟು ದೊಡ್ಡ ನಷ್ಟವೆಂದು ಆಮೇಲೆ ತಿಳಿಯಿತು. ರಾತ್ರಿಯ ಬಯಲು ಸಿಂಹ ಮತ್ತು ಕತ್ತೆಕಿರುಬಗಳದ್ದು. ಅವುಗಳ ಕಣ್ಣು ತಪ್ಪಿಸಲೆಂದೇ ಚೀತಾ ಹೆಚ್ಚಾಗಿ ಹಗಲಿನಲ್ಲಿ ಬೇಟೆಯಾಡುತ್ತದೆ, ಹಗಲಿನಲ್ಲಿಯೇ ನಾವೂ ತಿರುಗುತ್ತೇವೆ. ಗಂಟೆಗೆ ನೂರು ಕಿಲೋಮೀಟರಿನ ಆಸುಪಾಸಿನ ಆ ಓಟ ಕೆಲವು ನೂರು ಮೀಟರಿನಲ್ಲಿ ಮುಗಿದುಹೋಗುತ್ತದೆ. ಬೇಟೆ ಸಿಕ್ಕರೂ ಉಸಿರು ತಹಬಂದಿಗೆ ಬರುವವರೆಗೆ ತಿನ್ನಲಾಗದು, ಅಷ್ಟರಲ್ಲಿ ಬಲಶಾಲಿಗಳು ಬಂದರೆ ಬಿಟ್ಟುಕೊಡುವುದೊಂದೇ ದಾರಿ. ಮರಿಗಳ ಹತ್ತಿರ ಗಂಡು ಸುಳಿಯುವುದೂ ಇಲ್ಲವಾದ್ದರಿಂದ ಒಂದೂವರೆ ವರ್ಷದಷ್ಟು ಕಾಲ ಇಡೀ ಸಂಸಾರವನ್ನು ತಾಯಿಯೊಬ್ಬಳೇ ಸಾಕಬೇಕು. ಇದೇ ಮಾರಾದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನವೊಂದು ಹೇಳುವುದಿಷ್ಟು: ಪ್ರವಾಸಿಗರು ಕಡಿಮೆಯಿರುವ ಕಡೆ ಒಂದು ಸೂಲಿಗೆ ಸರಾಸರಿ 2.3 ಮರಿಗಳು ಸ್ವತಂತ್ರವಾಗಿ ಬದುಕುವ ವಯಸ್ಸು ಮುಟ್ಟುತ್ತವೆ. ಪ್ರವಾಸಿಗರು ಕಿಕ್ಕಿರಿಯುವ ಕಡೆ ಆ ಸಂಖ್ಯೆ 0.2. ಅಂದರೆ ಐದು ಸೂಲಿಗೆ ಒಂದು ಮರಿ. ಈ ಲೆಕ್ಕವನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮರುದಿನ ಬೆಳಗ್ಗೆ ನಮ್ಮ ಚಾಲಕನಿಗೆ ರೇಡಿಯೋ ಆರಿಸಿಬಿಡಿ, ಬೆಕ್ಕುಗಳ ಹಿಂದೆ ಹೋಗುವುದು ಬೇಡ ಎಂದೆ. ಆತ ಮಸಾಯಿ, ಇಲ್ಲಿಗೆ ಹತ್ತಿರದ ಊರಿನಲ್ಲಿ ದನ ಕಾಯುತ್ತ ಬೆಳೆದವನು. ಸಿಂಹ, ಚೀತಾ ತೋರಿಸದಿದ್ದರೆ ಪ್ರವಾಸಿಗರು ಮುಖ ಸಿಂಡರಿಸುತ್ತಾರೆ, ಕೈಗೆ ಬರುವ ಭಕ್ಷೀಸೂ ಕಡಿಮೆಯಾಗುತ್ತದೆ ಎಂದು ಆತ ನೇರವಾಗಿಯೇ ಹೇಳಿದ. ಆಮೇಲೆ ಒಂದು ಮರದಡಿ ಜೀಪು ನಿಲ್ಲಿಸಿದ. ನಾವು ಅಲ್ಲಿ ನಾಲ್ಕು ಗಂಟೆ ಕುಳಿತೆವು.

ಮಗಳೇ, ಆ ನಾಲ್ಕು ಗಂಟೆಯಲ್ಲಿ ಕಂಡದ್ದನ್ನು ನಿನಗೆ ತೋರಿಸಲು ನನ್ನ ಬಳಿ ಒಂದೂ ಒಳ್ಳೆಯ ಚಿತ್ರವಿಲ್ಲ. ಮೊದಲು ಪಟ್ಟೆಕುದುರೆಗಳು ಬಂದು ಹುಲ್ಲಿನ ಒರಟು ತುದಿಗಳನ್ನು ಮೇಯ್ದವು (ಸ್ವಾಹಿಲಿಯವರು ಅದನ್ನು ಪುಂಡಾ ಮಿಲಿಯಾ, ಪಟ್ಟೆಕತ್ತೆ ಎನ್ನುತ್ತಾರೆ, ನಾವು ಕುದುರೆಯ ಪಟ್ಟ ಕೊಟ್ಟಿದ್ದೇವೆ). ಅವುಗಳ ಹಿಂದೆ ವೈಲ್ಡ್‌ಬೀಸ್ಟ್‌ಗಳು, ಅಂದರೆ ದನದಂತೆ ಕಾಣುವ ದೊಡ್ಡ ಜಿಂಕೆಗಳು, ಬಂದು ಬುಡದ ಎಲೆಗಳನ್ನು ಕಿತ್ತವು. ಅವೂ ಹೋದ ಮೇಲೆ ಚಿಗುರುವ ಎಳೆಹುಲ್ಲು ಗೆಜೆಲ್‌ಗಳ ಪಾಲು. ಹೀಗೆ ಸರದಿಯಲ್ಲಿ ಮೇಯುತ್ತ, ಮಳೆಯ ಬೆನ್ನು ಹತ್ತಿ, ವೈಲ್ಡ್‌ಬೀಸ್ಟ್‌ಗಳೇ ಸುಮಾರು ಹದಿಮೂರು ಲಕ್ಷ ಸೆರೆಂಗೆಟಿಯಿಂದ ಇಲ್ಲಿಗೆ ಬಂದು ಮರಳುತ್ತವೆ. 1960ರ ಸುಮಾರಿಗೆ ಅವು ಎರಡೂವರೆ ಲಕ್ಷದಷ್ಟೇ ಇದ್ದವು. ಅಜ್ಜ ಹಟ್ಟಿಯ ಕಥೆ ಹೇಳುವಾಗ ದೊಡ್ಡರೋಗ ಎನ್ನುತ್ತಿದ್ದರಲ್ಲ, ಆ ರಿಂಡರ್‌ಪೆಸ್ಟ್ 1890ರ ಹೊತ್ತಿಗೆ ಇಲ್ಲಿಗೆ ಹಬ್ಬಿ ಮಸಾಯಿಗಳ ದನಗಳನ್ನೂ ಬಯಲಿನ ಎಮ್ಮೆ, ವೈಲ್ಡ್‌ಬೀಸ್ಟ್‌ಗಳನ್ನೂ ಒಟ್ಟಿಗೆ ಕೊಂದಿತ್ತು. ಕಾಡಿನ ಪ್ರಾಣಿಗೆ ಯಾರೂ ಚುಚ್ಚುಮದ್ದು ಹಾಕಲಿಲ್ಲ. ಸುತ್ತಲಿನ ಹಟ್ಟಿಗಳ ದನಗಳಿಗೆ ಹಾಕಿದರು, ಕಾಡಿನಲ್ಲೂ ರೋಗ ನಿಂತಿತು. ದನಗಾಹಿಯ ಆರೋಗ್ಯಕ್ಕೂ ಈ ಮಹಾವಲಸೆಗೂ ಇಂಥ ನಂಟಿದೆಯೆಂದು ನಾನು ತಿಳಿದದ್ದು ಆ ಮರದಡಿಯಲ್ಲಿ.

ಇನ್ನೊಂದನ್ನು ತಿದ್ದಬೇಕಾಗಿದೆ. ನೀನು ಚಿಕ್ಕವಳಿದ್ದಾಗ ಹೇಳಿದ ಕಥೆಗಳಲ್ಲೆಲ್ಲ ಕತ್ತೆಕಿರುಬವನ್ನು ಕಳ್ಳನನ್ನಾಗಿ ಮಾಡಿದ್ದೆ. 1960ರ ದಶಕದಲ್ಲಿ ಹಾನ್ಸ್ ಕ್ರುಕ್ ಎಂಬ ವಿಜ್ಞಾನಿ ಸೆರೆಂಗೆಟಿ ಮತ್ತು ಅದರ ಪಕ್ಕದ ಗೊರೊಂಗೊರೊದಲ್ಲಿ ರಾತ್ರಿಯೆಲ್ಲ ಅವುಗಳ ಬೆನ್ನು ಹತ್ತಿ ನೋಡಿದಾಗ, ಇಲ್ಲಿನ ಚುಕ್ಕೆಯ ಕತ್ತೆಕಿರುಬಗಳು ತಾವೇ ಸಮರ್ಥವಾಗಿ ಬೇಟೆಯಾಡುತ್ತವೆಂದೂ ಅದನ್ನು ಎಷ್ಟೋ ಸಲ ಸಿಂಹವೇ ಕಸಿದುಕೊಳ್ಳುತ್ತದೆಂದೂ ತಿಳಿಯಿತು. ಬೆಳಗ್ಗೆ ಬರುವವರಿಗೆ ಕಾಣುವುದು ತಿನ್ನುವ ಸಿಂಹ, ಕಾಯುವ ಕಿರುಬ. ಹಾಗಾಗಿ ಕಳ್ಳತನದ ಹೆಸರು ಅದಕ್ಕೆ ಅಂಟಿತು. ಅವುಗಳ ಗುಂಪಿನಲ್ಲಿ ಹೆಣ್ಣೇ ಯಜಮಾನಿ, ಮರಿಗೆ ತಾಯಿಯ ಸ್ಥಾನಮಾನವೇ ಬರುತ್ತದೆ. ನಮ್ಮ ಕೊಪ್ಪಳದ ಕಡೆಯ ಪಟ್ಟೆಯ ಕತ್ತೆಕಿರುಬ ಬೇರೆ ಜಾತಿ, ಆದರೆ ಅದರ ಮೇಲೂ ಇಂಥದೇ ಅಪವಾದವಿದೆ.

ಇಂದು ಸಂಜೆ ಮತ್ತೊಂದು ಚೀತಾ ಕಂಡಿತು. ಮುನ್ನೂರು ಮೀಟರು ದೂರದಲ್ಲಿ ಎಂಜಿನ್ ಆರಿಸಿ, ಅಜ್ಜನ ದುರ್ಬೀನಿನಲ್ಲಿ ನೋಡಿದೆ. ಜೊತೆಗಿದ್ದದ್ದು ಎರಡೇ ಮರಿ. ನನ್ನ ಎದೆ ಧಸಕ್ಕೆಂದಿತು. ಚೀತಾದ ಬಾಲದ ಉಂಗುರಗಳು ಒಂದರಂತೆ ಇನ್ನೊಂದಕ್ಕೆ ಇರುವುದಿಲ್ಲವೆಂದು ಚಾಲಕ ಹೇಳಿಕೊಟ್ಟಿದ್ದ. ಕತ್ತಲಾಗುವ ಮೊದಲು ಅವಳು ಎದ್ದು ಬಾಲ ತೋರಿದಾಗ, ಎರಡನೆಯ ದಿನದ ಚಿತ್ರ ತೆಗೆದು ಹೋಲಿಸಿದೆವು. ಉಂಗುರಗಳು ಹೊಂದಲಿಲ್ಲ, ಇವಳು ಬೇರೆ ತಾಯಿ. ಮೊದಲಿನವಳು ಆ ದಿನ ಮರಿಗಳಿಗೆ ಏನಾದರೂ ತಂದುಕೊಟ್ಟಳೋ ಇಲ್ಲವೋ ನನಗೆ ತಿಳಿಯುವ ದಾರಿಯಿಲ್ಲ. ಹಿಂದೆ ಇನ್ನೊಂದು ಜೀಪಿನ ದೀಪ ಕಂಡಾಗ ನಾವು ಬೇರೆ ದಾರಿಯಲ್ಲಿ ಹೊರಟುಬಂದೆವು, ನಿಂತದ್ದೇಕೆಂದು ಅವರಿಗೆ ತಿಳಿಯುವುದು ಬೇಡವೆಂದು.

ದುರ್ಬೀನಿನ ಚರ್ಮದ ಪಟ್ಟಿ ಒಂದು ಕಡೆ ಕಿತ್ತುಬಂದಿದೆ. ಬಂದ ಮೇಲೆ ಹೊಲಿಸುತ್ತೇನೆ. ಡಿಸೆಂಬರಿನಲ್ಲಿ ನಾವು ಕಬಿನಿಗೆ ಹೋಗುವಾಗ ಅದು ನಿನ್ನ ಕೊರಳಿನಲ್ಲಿರಲಿ.

ನಿನ್ನ
ಅಮ್ಮ